ಕಾಲೇಜ್ ಫುಟ್‌ಬಾಲ್‌ನಲ್ಲಿ ಯಾರು ದೊಡ್ಡವರು? ನಿಮ್ಮದೇ ಪಟ್ಟಿ ಮಾಡಿಕೊಳ್ಳುವ ಬಗೆ

ನವೆಂಬರ್ ಕೊನೆಯ ವಾರ ಬಂತೆಂದರೆ ನಮ್ಮ ಭಾವ 'ಮ' ಅಕ್ಷರವನ್ನೇ ಬಾಯಲ್ಲಿ ಆಡುವುದಿಲ್ಲ. ಅವರ ಮಗ ಓದುವುದು ಕೊಲಂಬಸ್‌ನ ಒಹಾಯೊ ಸ್ಟೇಟ್‌ನಲ್ಲಿ. ಮಿಷಿಗನ್ ಜೊತೆ ಮ್ಯಾಚ್ ಇರುವ ಆ ವಾರ ಅಲ್ಲಿನ ಕ್ಯಾಂಪಸ್ ಬೋರ್ಡುಗಳಲ್ಲಿ ಇಂಗ್ಲಿಷಿನ 'ಎಂ' ಕಂಡಲ್ಲೆಲ್ಲ ಹುಡುಗರು ಕೆಂಪು ಟೇಪ್ ಅಂಟಿಸಿ ಕಾಟು ಹೊಡೆಯುತ್ತಾರೆ. ಭಾವ ಆ ಪದ್ಧತಿಯನ್ನು ಕನ್ನಡಕ್ಕೂ ತಂದಿದ್ದಾರೆ. ಥ್ಯಾಂಕ್ಸ್‌ಗಿವಿಂಗ್ ಊಟಕ್ಕೆ ಸೇರಿದ್ದಾಗ ಅಕ್ಕನಿಗೆ "ಇನ್ನೊಂದು ಐಸೂರು ಪಾಕ್ ಹಾಕೇ" ಎಂದರು. ಅಕ್ಕ ನನ್ನ ಮುಖ ನೋಡಿದಳು. ನನ್ನ ಮಗಳು ಓದುವುದು ಆನ್ ಆರ್ಬರ್‌ನಲ್ಲಿ, ಅದೇ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ.

ಅಲ್ಲಿಂದ ಶುರುವಾದ ವಾದ ಕಾಫಿ ಹೊತ್ತಿಗೆ ಒಂದು ಪ್ರಶ್ನೆಗೆ ಬಂದು ನಿಂತಿತು. ಇಷ್ಟು ವರ್ಷಗಳ ಕಾಲೇಜ್ ಫುಟ್‌ಬಾಲ್‌ನಲ್ಲಿ ಎಲ್ಲರಿಗಿಂತ ದೊಡ್ಡವರು ಯಾರು? ಮಗಳು ಗೆಲುವುಗಳ ಲೆಕ್ಕ ಕೊಟ್ಟಳು. ಭಾವ ಚಾಂಪಿಯನ್ ಪಟ್ಟಗಳ ಲೆಕ್ಕ ಕೊಟ್ಟರು. ಇಬ್ಬರ ಅಂಕಿಗಳೂ ಸರಿ ಇದ್ದವು, ಆದರೂ ಮಾತು ಮುಗಿಯಲಿಲ್ಲ. "ನೀನೇ ಒಂದು ಪಟ್ಟಿ ಬರ್ಕೊಂಡು ತಾರೋ, ನೋಡೋಣ" ಅಂದರು ಭಾವ. ಮಾಡಿದೆ. ಹೇಗೆ ಮಾಡಿದೆ, ಎಲ್ಲಿ ಎಡವಿದೆ ಅಂತ ಇಲ್ಲಿ ಬರೆದಿದ್ದೇನೆ. ಒಂದು ನೋಟ್‌ಬುಕ್ ಅಥವಾ ಸ್ಪ್ರೆಡ್‌ಶೀಟ್ ಇಟ್ಟುಕೊಂಡು ಕೂತರೆ ಒಂದು ಭಾನುವಾರದಲ್ಲಿ ನೀವೂ ಮಾಡಬಹುದು.

(ಊರಲ್ಲಿರುವ ಓದುಗರಿಗೆ: ಇದು ನಮ್ಮ ಕಾಲ್ಚೆಂಡಲ್ಲ. ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಎಸೆಯುವ ಅಮೆರಿಕನ್ ಫುಟ್‌ಬಾಲ್. ಕಾಲೇಜು ಹುಡುಗರ ಆಟ ಅಂತ ಹಗುರವಾಗಿ ತೆಗೆದುಕೊಳ್ಳಬೇಡಿ. ಆನ್ ಆರ್ಬರ್‌ನ ಸ್ಟೇಡಿಯಂನಲ್ಲಿ 1,07,601 ಜನಕ್ಕೆ ಜಾಗ ಇದೆ.)

ಹೆಜ್ಜೆ 1: ಅಳೆಯುತ್ತಿರುವುದು ಏನನ್ನು ಅಂತ ಮೊದಲು ಬರೆದುಕೊಳ್ಳಿ

ಇಲ್ಲಿನವರು 'ತಂಡ' ಅನ್ನುವುದಿಲ್ಲ, 'ಪ್ರೋಗ್ರಾಂ' ಅನ್ನುತ್ತಾರೆ. ಎರಡೂ ಬೇರೆ ಬೇರೆ. ತಂಡ ಅಂದರೆ ಆ ವರ್ಷದ ಹುಡುಗರು, ನಾಲ್ಕೈದು ವರ್ಷದಲ್ಲಿ ಎಲ್ಲರೂ ಹೊರಟುಹೋಗುತ್ತಾರೆ. ಪ್ರೋಗ್ರಾಂ ಅಂದರೆ ನಮ್ಮ ಗರಡಿ ಮನೆ ಇದ್ದ ಹಾಗೆ. ಪೈಲ್ವಾನರು ಬರುತ್ತಾರೆ, ಹೋಗುತ್ತಾರೆ, ಉಸ್ತಾದರೂ ಬದಲಾಗುತ್ತಾರೆ, ಮಟ್ಟಿ ಅಲ್ಲೇ ಇರುತ್ತದೆ. 2001ರ ಮಯಾಮಿ ತಂಡದಂಥ ತಂಡವೇ ಬಂದಿಲ್ಲ ಅಂತ ಯಾರಾದರೂ ಅಂದರೆ ಒಪ್ಪಿಕೊಳ್ಳಿ, ಆದರೆ ಅದು ಈ ಪಟ್ಟಿಯ ಮಾತಲ್ಲ. ಪುಟದ ಮೇಲ್ಗಡೆ 'ಗರಡಿಯ ಲೆಕ್ಕ' ಅಂತ ಬರೆದಿಟ್ಟುಕೊಳ್ಳಿ. ನಾನು ಹಾಗೆ ಬರೆದಿದ್ದರಿಂದಲೇ ಆಮೇಲೆ ದಾರಿ ತಪ್ಪಲಿಲ್ಲ.

ಹೆಜ್ಜೆ 2: ಯಾವ ಪಟ್ಟಗಳನ್ನು ಎಣಿಸುತ್ತೀರಿ?

ಹೆಚ್ಚಿನವರು ಎಡವುವುದು ಇಲ್ಲೇ. ಅದಕ್ಕೊಂದು ವಿಚಿತ್ರ ಕಾರಣವಿದೆ. ಅಮೆರಿಕದ ಕಾಲೇಜು ಕ್ರೀಡೆಗಳನ್ನೆಲ್ಲ ನೋಡಿಕೊಳ್ಳುವ ಸಂಸ್ಥೆ ಎನ್.ಸಿ.ಎ.ಎ. ಆದರೆ ಫುಟ್‌ಬಾಲ್‌ನ ಅತಿ ಮೇಲಿನ ದರ್ಜೆಯಲ್ಲಿ ಅದು ಚಾಂಪಿಯನ್ ಪಟ್ಟವನ್ನು ಕೊಡುವುದೇ ಇಲ್ಲ! ನೂರಕ್ಕೂ ಹೆಚ್ಚು ವರ್ಷ ಪಟ್ಟ ಕಟ್ಟಿದವರು ಪತ್ರಕರ್ತರು, ಕೋಚ್‌ಗಳು, ಗಣಿತದ ಸೂತ್ರ ಹಿಡಿದು ಕೂತವರು. ಒಂದೇ ವರ್ಷಕ್ಕೆ ಇಬ್ಬರು ಮೂವರು ಚಾಂಪಿಯನ್ನರು ಇದ್ದದ್ದೂ ಉಂಟು.

ಹಾಗಾಗಿ ಪ್ರತಿ ವಿಶ್ವವಿದ್ಯಾಲಯವೂ ತನ್ನ ಪಟ್ಟಗಳನ್ನು ತಾನೇ ಎಣಿಸಿಕೊಳ್ಳುತ್ತದೆ. ಹೆತ್ತವರಿಗೆ ಹೆಗ್ಗಣ ಮುದ್ದು ಅಲ್ವಾ? ಅಲಬಾಮ ತನ್ನದು 18 ಅನ್ನುತ್ತದೆ. ಅದರೊಳಗೆ 1941 ಕೂಡ ಸೇರಿದೆ. ಆ ವರ್ಷ ಅಲಬಾಮ ಎರಡು ಮ್ಯಾಚ್ ಸೋತಿತ್ತು. ಪತ್ರಕರ್ತರ ಮತದಾನದಲ್ಲಿ ಸಿಕ್ಕಿದ್ದು 20ನೇ ಜಾಗ. ಮೊದಲ ಜಾಗ ಒಂದೂ ಮ್ಯಾಚ್ ಸೋಲದ ಮಿನ್ನೆಸೋಟದ್ದು. ಯಾವುದೋ ಒಂದು ಸೂತ್ರದ ಲೆಕ್ಕದಲ್ಲಿ ಅಲಬಾಮ ಮುಂದಿತ್ತು ಅಂತ 1980ರ ದಶಕದಲ್ಲಿ ಅದನ್ನೂ ಪಟ್ಟಿಗೆ ಸೇರಿಸಿಕೊಂಡರು.

2017ರ ಸೆಂಟ್ರಲ್ ಫ್ಲಾರಿಡಾದ ಕಥೆ ಬೇರೆ. 13 ಮ್ಯಾಚ್ ಆಡಿ 13ನ್ನೂ ಗೆದ್ದರು. ಕೊನೆಯ ಮ್ಯಾಚ್‌ನಲ್ಲಿ ಆಬರ್ನ್‌ನ್ನು 34-27ರಲ್ಲಿ ಸೋಲಿಸಿದರು. ಆ ಆಬರ್ನ್ ಅದೇ ಸೀಸನ್‌ನಲ್ಲಿ ಫೈನಲ್ ಆಡಿದ ಅಲಬಾಮ, ಜಾರ್ಜಿಯಾ ಎರಡನ್ನೂ ಸೋಲಿಸಿತ್ತು. ಆದರೂ ಚಾಂಪಿಯನ್ ಯಾರೆಂದು ತೀರ್ಮಾನಿಸುವ ಪ್ಲೇಆಫ್‌ಗೆ ಇವರನ್ನು ಯಾರೂ ಕರೆಯಲಿಲ್ಲ. "ಹಾಗಾದರೆ ನಾವೇ ಚಾಂಪಿಯನ್" ಅಂತ ಅವರೇ ಘೋಷಿಸಿಕೊಂಡು ಡಿಸ್ನಿ ವರ್ಲ್ಡ್‌ನಲ್ಲಿ ಮೆರವಣಿಗೆಯನ್ನೂ ಮಾಡಿಸಿಕೊಂಡರು. ನನಗೆ ಅವರ ಮೇಲೆ ಒಂದು ಪಾಲು ಪ್ರೀತಿ ಜಾಸ್ತಿ. ಆದರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ನಾನು ಮಾಡಿದ್ದು ಹೀಗೆ. ಎ.ಪಿ. ಪೋಲ್, ಅಂದರೆ ಪತ್ರಕರ್ತರ ಮತದಾನ, 1936ರಿಂದ ತಪ್ಪದೆ ನಡೆದಿದೆ. ಅಷ್ಟು ಉದ್ದದ ಅಳತೆಪಟ್ಟಿ ಬೇರೆ ಸುಲಭಕ್ಕೆ ಸಿಗುವುದಿಲ್ಲ, ಅದನ್ನೇ ಹಿಡಿದೆ. 1950ರಲ್ಲಿ ಶುರುವಾದ ಕೋಚ್‌ಗಳ ಪೋಲ್‌ಗೆ ಪಕ್ಕದಲ್ಲಿ ಇನ್ನೊಂದು ಕಾಲಂ ಮಾಡಿ, ಆದರೆ ಹುಷಾರು. 1973ರವರೆಗೂ ಅದರ ಕೊನೆಯ ಮತ ಸೀಸನ್ ಮುಗಿದ ಮೇಲಿನ ಬೌಲ್ ಮ್ಯಾಚ್‌ಗಳಿಗೆ ಮುಂಚೆಯೇ ಬೀಳುತ್ತಿತ್ತು. ಆ ವರ್ಷ ಕೋಚ್‌ಗಳು ಅಲಬಾಮಕ್ಕೆ ಪಟ್ಟ ಕಟ್ಟಿದರು. ಆಮೇಲೆ ಷುಗರ್ ಬೌಲ್‌ನಲ್ಲಿ ಅದೇ ಅಲಬಾಮ ನೋಟರ್ ಡೇಮ್ ಕೈಲಿ 24-23ರಲ್ಲಿ ಸೋತಿತು. ಮುಂದಿನ ವರ್ಷದಿಂದ ನಿಯಮ ಬದಲಾಯಿತು. ವಿಶ್ವವಿದ್ಯಾಲಯಗಳು ತಾವೇ ಹೇಳಿಕೊಳ್ಳುವ ಸಂಖ್ಯೆಯನ್ನು ಮೂರನೇ ಕಾಲಂನಲ್ಲಿ ಸುಮ್ನೆ ಬರೆದಿಡಿ, ಕೂಡಬೇಡಿ.

ಹೆಜ್ಜೆ 3: ಗೆಲುವುಗಳ ಲೆಕ್ಕಕ್ಕೆ ಒಂದು ಜರಡಿ

ಮಗಳ ವಾದ ಇದೇ. ಸಾವಿರ ಗೆಲುವು ಮುಟ್ಟಿದ ಮೊದಲ ಪ್ರೋಗ್ರಾಂ ಮಿಷಿಗನ್. 2023ರ ನವೆಂಬರ್ 18ರಂದು ಮೇರಿಲ್ಯಾಂಡ್ ಮೇಲೆ 31-24. ಅದು ಸಣ್ಣ ಮಾತಲ್ಲ, ನೂರು ವರ್ಷ ವರ್ಷಕ್ಕೆ ಹತ್ತರಂತೆ ಗೆಲ್ಲಬೇಕು.

ಆದರೆ ಬರೀ ಗೆಲುವು ಎಣಿಸಿದರೆ ಮೊದಲೇ ಆಟ ಶುರುಮಾಡಿದವರಿಗೆ ಲಾಭ. ಶೇಕಡಾವಾರು ತೆಗೆದರೆ ಉಲ್ಟಾ ತೊಂದರೆ. ಬಾಯ್ಸಿ ಸ್ಟೇಟ್ ಅನ್ನುವ ಪ್ರೋಗ್ರಾಂ ಮೇಲಿನ ದರ್ಜೆಗೆ ಬಂದದ್ದೇ 1996ರಲ್ಲಿ. ಅದರ ಶೇಕಡಾವಾರು ಹಳೇ ಹುಲಿಗಳ ಪಕ್ಕ ಬಂದು ಕೂರುತ್ತದೆ. ಮೇಲಿನ ದರ್ಜೆಯಲ್ಲಿ 50 ವರ್ಷ ಆಡಿರಬೇಕು ಅಂತ ಒಂದು ಜರಡಿ ಹಿಡಿಯಿರಿ, ಈ ತೊಂದರೆ ಮುಗಿಯುತ್ತದೆ. ಅಂದಮಾತ್ರಕ್ಕೆ ಬಾಯ್ಸಿಯವರು ಸಾಮಾನ್ಯರಲ್ಲ. 2007ರ ಫಿಯೆಸ್ಟಾ ಬೌಲ್‌ನಲ್ಲಿ ಒಕ್ಲಹೋಮವನ್ನು 43-42ರಲ್ಲಿ ಸೋಲಿಸಿದ್ದನ್ನು ಒಮ್ಮೆ ನೋಡಿ.

ಒಟ್ಟು ಪಾಯಿಂಟುಗಳನ್ನಂತೂ ಎಣಿಸಲೇಬೇಡಿ. 1916ರಲ್ಲಿ ಜಾರ್ಜಿಯಾ ಟೆಕ್‌ನವರು ಕಂಬರ್ಲ್ಯಾಂಡ್ ಅನ್ನುವ ಪುಟ್ಟ ಕಾಲೇಜನ್ನು 222-0ರಲ್ಲಿ ಸೋಲಿಸಿದ್ದರು. ಗೆದ್ದ ತಂಡದ ಕೋಚ್ ಜಾನ್ ಹೈಸ್ಮನ್. ಇವತ್ತು ವರ್ಷದ ಅತ್ಯುತ್ತಮ ಆಟಗಾರನಿಗೆ ಕೊಡುವ ಟ್ರೋಫಿಗೆ ಅವರದೇ ಹೆಸರು.

ಹೆಜ್ಜೆ 4: ಕಾಲವನ್ನು ತುಂಡು ಮಾಡಿ

1869ರ ನವೆಂಬರ್ 6ರಂದು ರಟ್ಗರ್ಸ್ ಮತ್ತು ಪ್ರಿನ್ಸ್‌ಟನ್ ಮೊದಲ ಮ್ಯಾಚ್ ಆಡಿದವು. ತಂಡಕ್ಕೆ 25 ಜನ, ದುಂಡನೆಯ ಚೆಂಡು, ಅದನ್ನು ಕೈಯಲ್ಲಿ ಹೊತ್ತು ಓಡುವ ಹಾಗಿಲ್ಲ. ರಟ್ಗರ್ಸ್ 6-4ರಲ್ಲಿ ಗೆದ್ದಿತು. ಇವತ್ತಿನ ಆಟದ ಗುರುತೂ ಅದರಲ್ಲಿಲ್ಲ. ಆಟಕ್ಕೆ ವ್ಯಾಕರಣ ಬರೆದವರು ಯೇಲ್‌ನ ವಾಲ್ಟರ್ ಕ್ಯಾಂಪ್, 1880ರ ಆಚೀಚೆ. ಚೆಂಡನ್ನು ಮುಂದಕ್ಕೆ ಎಸೆಯಲು ಅನುಮತಿ ಸಿಕ್ಕಿದ್ದು 1906ರಲ್ಲಿ. ಆಟದಲ್ಲಿ ಹುಡುಗರು ಸಾಯುತ್ತಿದ್ದರು, ಅಧ್ಯಕ್ಷ ರೂಸ್‌ವೆಲ್ಟ್ ಅವರೇ ಕರೆಸಿ ಮಾತಾಡಬೇಕಾಯಿತು.

ಪ್ರಿನ್ಸ್‌ಟನ್ ತನಗೆ 28 ಪಟ್ಟ ಅನ್ನುತ್ತದೆ, ಯೇಲ್ 27. ಹೆಚ್ಚಿನವು ಈ ಹಳೇ ಕಾಲದವು, ಊರು ತುಂಬ ಕಾಲೇಜುಗಳು ಆಡುವುದಕ್ಕೆ ಮುಂಚಿನವು. ಅವರನ್ನು ಬಿಸಾಡಬೇಡಿ, 1936ಕ್ಕೆ ಮುಂಚಿನವರಿಗೆ ಅಂತ ಬೇರೆ ಪಟ್ಟಿ ಮಾಡಿ. ಒಂದೇ ತಕ್ಕಡಿಯಲ್ಲಿ ಇಡುವುದಕ್ಕೆ ಆಗುವುದಿಲ್ಲ, ಅಷ್ಟೆ.

ಯುದ್ಧದ ವರ್ಷಗಳನ್ನೂ ಗುರುತು ಮಾಡಿಕೊಳ್ಳಿ. 1944, 1945ರಲ್ಲಿ ಆರ್ಮಿ ತಂಡ ಎಲ್ಲರನ್ನೂ ಮಣ್ಣುಮುಕ್ಕಿಸಿತು. ಬೇರೆ ಕಾಲೇಜುಗಳ ಹುಡುಗರು ಆಗ ಸಮವಸ್ತ್ರ ತೊಟ್ಟು ರಣರಂಗಕ್ಕೆ ಹೋಗಿದ್ದರು, ಒಳ್ಳೆ ಆಟಗಾರರು ಇದ್ದದ್ದು ಸೈನಿಕ ಶಾಲೆಯಲ್ಲಿ.

ಇನ್ನೊಂದು ಗೆರೆ ಇದೆ, ಇದನ್ನು ಎಳೆಯದೆ ಮುಂದೆ ಹೋಗಬೇಡಿ. ದಕ್ಷಿಣದ ರಾಜ್ಯಗಳ ದೊಡ್ಡ ವಿಶ್ವವಿದ್ಯಾಲಯಗಳು 1960ರ ದಶಕದ ಕೊನೆಯವರೆಗೂ ಕಪ್ಪು ಹುಡುಗರನ್ನು ತಂಡಕ್ಕೆ ಸೇರಿಸುತ್ತಿರಲಿಲ್ಲ. 1970ರ ಸೆಪ್ಟೆಂಬರ್ 12ರಂದು ಕ್ಯಾಲಿಫೋರ್ನಿಯಾದ ಯು.ಎಸ್.ಸಿ. ವಿಶ್ವವಿದ್ಯಾಲಯ ಬರ್ಮಿಂಗ್‌ಹ್ಯಾಮ್‌ಗೆ ಬಂದು ಅಲಬಾಮವನ್ನು ಅದರ ರಾಜ್ಯದಲ್ಲೇ 42-21ರಲ್ಲಿ ಸೋಲಿಸಿತು. ಅವತ್ತು ಮೈದಾನ ಆಳಿದವನು ಸ್ಯಾಮ್ ಕನ್ನಿಂಗ್‌ಹ್ಯಾಮ್ ಅನ್ನುವ ಕಪ್ಪು ಹುಡುಗ. ಆಗಲೇ ಅಲಬಾಮಕ್ಕೆ ಸೇರಿದ್ದ ಮೊದಲ ಕಪ್ಪು ಸ್ಕಾಲರ್‌ಶಿಪ್ ಆಟಗಾರ ವಿಲ್ಬರ್ ಜ್ಯಾಕ್ಸನ್ ಇನ್ನೂ ಮೊದಲ ವರ್ಷದವನು, ನಿಯಮದ ಪ್ರಕಾರ ಮುಖ್ಯ ತಂಡದಲ್ಲಿ ಆಡುವಂತಿರಲಿಲ್ಲ. ಅರ್ಧ ಜನರನ್ನು ಬಾಗಿಲ ಹೊರಗಿಟ್ಟು ಗೆದ್ದ ಪಟ್ಟಕ್ಕೂ ಎಲ್ಲರೊಂದಿಗೆ ಆಡಿ ಗೆದ್ದ ಪಟ್ಟಕ್ಕೂ ಒಂದೇ ಬೆಲೆಯೇ? ನಾನು ಅಂಕ ಕಡಿಮೆ ಮಾಡಲಿಲ್ಲ, ಆದರೆ ಆ ಸಾಲುಗಳಿಗೆ ಬೇರೆ ಬಣ್ಣ ಹಚ್ಚಿದ್ದೇನೆ. ಅದೇ ಕಾಲದಲ್ಲಿ ಲೂಸಿಯಾನದ ಗ್ರ್ಯಾಂಬ್ಲಿಂಗ್‌ನಲ್ಲಿ ಎಡ್ಡಿ ರಾಬಿನ್ಸನ್ ಕಪ್ಪು ಹುಡುಗರ ತಂಡ ಕಟ್ಟುತ್ತಿದ್ದರು. 1941ರಿಂದ 1997ರವರೆಗೆ 408 ಗೆಲುವು. ಇಂಥ ಪಟ್ಟಿಗಳಲ್ಲಿ ಆ ಗರಡಿಯ ಹೆಸರೇ ಬರುವುದಿಲ್ಲ, ಯಾಕೆಂದರೆ ದೊಡ್ಡವರು ಅವರ ಜೊತೆ ಆಡಲೇ ಇಲ್ಲ.

ಹೆಜ್ಜೆ 5: ಬೌಲ್ ಗೆಲುವುಗಳನ್ನು ನಂಬಿ ಕೂರಬೇಡಿ

ಸೀಸನ್ ಮುಗಿದ ಮೇಲೆ ಆಡುವ ಬೌಲ್ ಮ್ಯಾಚ್‌ಗಳ ಲೆಕ್ಕ ನೋಡಲು ಚೆನ್ನ, ಬಳಸಲು ಕಷ್ಟ. ನೋಟರ್ ಡೇಮ್ 1925ರ ರೋಸ್ ಬೌಲ್ ಆದಮೇಲೆ 1970ರವರೆಗೆ ಬೌಲ್ ಕಡೆಗೆ ತಲೆಯೇ ಹಾಕಲಿಲ್ಲ, ಅದು ಅವರ ತೀರ್ಮಾನ. ಒಹಾಯೊ ಸ್ಟೇಟ್, ಮಿಷಿಗನ್ ಎರಡೂ ಇರುವ ವಿಶ್ವವಿದ್ಯಾಲಯಗಳ ಗುಂಪಾದ ಬಿಗ್ ಟೆನ್ ಕಾನ್ಫರೆನ್ಸ್‌ನವರಿಗೆ 1975ರವರೆಗೂ ರೋಸ್ ಬೌಲ್ ಬಿಟ್ಟು ಬೇರೆ ಕಡೆ ಹೋಗುವ ಹಾಗಿರಲಿಲ್ಲ. 1973ರಲ್ಲಿ ಒಹಾಯೊ ಸ್ಟೇಟ್, ಮಿಷಿಗನ್ ಎರಡೂ ಸೋಲಿಲ್ಲದೆ ಬಂದು 10-10ರಲ್ಲಿ ಡ್ರಾ ಮಾಡಿಕೊಂಡವು. ಮತ ಹಾಕಿ ಒಹಾಯೊವನ್ನು ಕಳಿಸಿದರು. ಮಿಷಿಗನ್ ಒಂದೂ ಮ್ಯಾಚ್ ಸೋಲದೆ ಮನೆಯಲ್ಲಿ ಕೂತಿತು. ಈ ವಿಷಯವನ್ನು ನಮ್ಮನೆಯಲ್ಲಿ ಎತ್ತಬಾರದು ಅಂತ ಅಕ್ಕನ ಅಪ್ಪಣೆ ಇದೆ.

ಹೆಜ್ಜೆ 6: ಉಸ್ತಾದ್ ಹೋದಮೇಲೆ ಏನಾಯಿತು?

ನನ್ನ ಕೇಳಿದರೆ ಇಡೀ ಪಟ್ಟಿಯ ಜೀವ ಇಲ್ಲಿದೆ. ಒಬ್ಬ ದೊಡ್ಡ ಕೋಚ್ ಸಿಕ್ಕರೆ ಯಾರು ಬೇಕಾದರೂ ಹತ್ತಿಪ್ಪತ್ತು ವರ್ಷ ಮೆರೆಯಬಹುದು. ಅವರು ಹೋದಮೇಲೂ ಗೆದ್ದರೆ ಅದು ಗರಡಿ. ಹಾಗಾಗಿ ಪ್ರತಿ ಪ್ರೋಗ್ರಾಂ ಎದುರಿಗೂ ಪಟ್ಟ ತಂದ ಕೋಚ್‌ಗಳ ಹೆಸರು ಬರೆಯಿರಿ.

ನೆಬ್ರಾಸ್ಕ ನೋಡಿ. ಬಾಬ್ ಡೆವನಿ 1970, 1971ರಲ್ಲಿ ಗೆದ್ದರು. ಅವರ ಕೈಯಿಂದ ತೆಗೆದುಕೊಂಡ ಟಾಮ್ ಆಸ್ಬರ್ನ್ 25 ವರ್ಷ ನಡೆಸಿ 255 ಮ್ಯಾಚ್ ಗೆದ್ದರು, ಸೋತದ್ದು 49. 1997ರ ಪಟ್ಟದೊಂದಿಗೆ ಅವರು ಎದ್ದು ಹೋದರು. 1999ರ ಆಮೇಲೆ ನೆಬ್ರಾಸ್ಕಕ್ಕೆ ಕಾನ್ಫರೆನ್ಸ್ ಪ್ರಶಸ್ತಿ ಕೂಡ ಬಂದಿಲ್ಲ. ಜನ ಮಾತ್ರ ಬಿಟ್ಟಿಲ್ಲ. 1962ರಿಂದ ಅವರ ಊರು ಲಿಂಕನ್‌ನ ಸ್ಟೇಡಿಯಂನ ಪ್ರತಿ ಮ್ಯಾಚ್‌ನ ಟಿಕೆಟ್ಟೂ ಖಾಲಿಯಾಗುತ್ತ ಬಂದಿದೆ. ಅದಕ್ಕೆ ಎಷ್ಟು ಅಂಕ ಕೊಡೋದು, ಹೇಳಿ?

ಮಯಾಮಿ ಇದಕ್ಕೆ ಉಲ್ಟಾ. 1983ರಿಂದ 2001ರೊಳಗೆ ಐದು ಪಟ್ಟ, ತಂದವರು ನಾಲ್ಕು ಬೇರೆ ಬೇರೆ ಕೋಚ್‌ಗಳು: ಶ್ನೆಲೆನ್‌ಬರ್ಗರ್, ಜಿಮ್ಮಿ ಜಾನ್ಸನ್, ಎರಿಕ್ಸನ್, ಕೋಕರ್. ಯಾರು ಬಂದರೂ ಗೆದ್ದರು. ಆದರೆ ಎಲ್ಲ ಹತ್ತೊಂಬತ್ತು ಸೀಸನ್‌ಗಳ ಒಳಗೆ. ಒಕ್ಲಹೋಮದ್ದು ಮೂವರು: ವಿಲ್ಕಿನ್ಸನ್, ಸ್ವಿಟ್ಜರ್, ಸ್ಟೂಪ್ಸ್. ವಿಲ್ಕಿನ್ಸನ್ ಕಾಲದಲ್ಲಿ 47 ಮ್ಯಾಚ್ ಸತತವಾಗಿ ಗೆದ್ದಿದ್ದರು, 1957ರಲ್ಲಿ ನೋಟರ್ ಡೇಮ್ ಬಂದು 7-0ರಲ್ಲಿ ಆ ಸರ ಕಿತ್ತಿತು.

ಅಲಬಾಮದಲ್ಲಿ ಬೇರ್ ಬ್ರಯಂಟ್ ಹೋದಮೇಲೆ 1992ರಲ್ಲಿ ಸ್ಟಾಲಿಂಗ್ಸ್ ಗೆದ್ದರು. ಆಮೇಲೆ ಹದಿನೇಳು ವರ್ಷ ಬರಗಾಲ. ನಿಕ್ ಸೇಬನ್ ಬಂದು 2009ರಿಂದ 2020ರೊಳಗೆ ಆರು ಪಟ್ಟ ತಂದರು. ಎರಡು ಹೆಮ್ಮರ, ನಡುವೆ ಬಯಲು. ಒಹಾಯೊ ಸ್ಟೇಟ್‌ನಲ್ಲಿ ಇಂಥ ಹೆಮ್ಮರ ವುಡಿ ಹೇಯ್ಸ್ ಒಬ್ಬರೇ, ಆದರೆ ಪಟ್ಟ ತಂದವರು ಐದು ಜನ. ಎ.ಪಿ. ಲೆಕ್ಕದ ಆರು ಪಟ್ಟಗಳು 1942, 1954, 1968, 2002, 2014, 2024ರಲ್ಲಿ ಬಂದಿವೆ. ಒಂದೊಂದು ಒಂದೊಂದು ದಶಕದಲ್ಲಿ! ಮಿಷಿಗನ್ ಅಪ್ಪನಾಗಿ ಇದನ್ನು ಬರೆಯುವಾಗ ಕೈ ಸ್ವಲ್ಪ ನಡುಗಿತು.

ಹೆಜ್ಜೆ 7: ಶಿಕ್ಷೆ, ಟ್ರೋಫಿ ಇತ್ಯಾದಿ

ಇಲ್ಲಿ ಜಾಸ್ತಿ ಹೊತ್ತು ಕೂರಬೇಡಿ. ನಿಯಮ ಮುರಿದದ್ದಕ್ಕೆ ಕೆಲವರ ಗೆಲುವುಗಳನ್ನು ದಾಖಲೆಯಿಂದ ಅಳಿಸಿದ್ದಾರೆ. ಯು.ಎಸ್.ಸಿ.ಯ 2004ರ ಬಿ.ಸಿ.ಎಸ್. (ಪ್ಲೇಆಫ್ ಬರುವ ಮುಂಚೆ ಫೈನಲ್ ನಡೆಸುತ್ತಿದ್ದ ವ್ಯವಸ್ಥೆ) ಪಟ್ಟ ಹೋಯಿತು, ಎ.ಪಿ. ಪಟ್ಟ ಉಳಿಯಿತು. ಮೈದಾನದಲ್ಲಿ ನಡೆದದ್ದನ್ನು ಎಣಿಸಿ, ಪಕ್ಕದಲ್ಲಿ ಒಂದು ನಕ್ಷತ್ರ ಹಾಕಿ. ಹೈಸ್ಮನ್ ಟ್ರೋಫಿ ಒಬ್ಬ ಹುಡುಗನಿಗೆ ಕೊಡುವುದು, ಸಮಬಲ ಬಂದಾಗ ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳಿ.

ಹೆಜ್ಜೆ 8: ಅಂಕ ಹಾಕಿ ಕೂಡಿ

ನನ್ನ ಸೂತ್ರ ಸರಳ. ಎ.ಪಿ. ಪಟ್ಟ ಒಂದಕ್ಕೆ 5. ಪಟ್ಟ ಬಂದ ಪ್ರತಿ ದಶಕಕ್ಕೆ 4. ಪಟ್ಟ ತಂದ ಪ್ರತಿ ಕೋಚ್‌ಗೆ 4. 2024ರ ಸೀಸನ್‌ವರೆಗೆ ಲೆಕ್ಕ ಹೀಗೆ ಬಂತು:

ಅಲಬಾಮ: 12 ಪಟ್ಟ, 6 ದಶಕ, 3 ಕೋಚ್. 60+24+12 = 96
ಒಹಾಯೊ ಸ್ಟೇಟ್: 6 ಪಟ್ಟ, 6 ದಶಕ, 5 ಕೋಚ್. 30+24+20 = 74
ನೋಟರ್ ಡೇಮ್: 8 ಪಟ್ಟ, 4 ದಶಕ, 4 ಕೋಚ್. 40+16+16 = 72
ಒಕ್ಲಹೋಮ: 7 ಪಟ್ಟ, 4 ದಶಕ, 3 ಕೋಚ್. 35+16+12 = 63
ಮಯಾಮಿ: 5 ಪಟ್ಟ, 3 ದಶಕ, 4 ಕೋಚ್. 25+12+16 = 53
ಯು.ಎಸ್.ಸಿ.: 5 ಪಟ್ಟ, 3 ದಶಕ, 2 ಕೋಚ್. 25+12+8 = 45

ಇನ್ನು ಕೆಳಗೆ ಮಿನ್ನೆಸೋಟ 40, ಮಿಷಿಗನ್ 39. ನೆಬ್ರಾಸ್ಕ 36, ಅದರ 1997ರ ಪಟ್ಟ ಕೋಚ್‌ಗಳ ಪೋಲ್‌ನದು, ಎ.ಪಿ. ಆ ವರ್ಷ ಕೊಟ್ಟದ್ದು ಮಿಷಿಗನ್‌ಗೆ.

ಹೆಜ್ಜೆ 9: ಸೂತ್ರವನ್ನೇ ಅನುಮಾನಿಸಿ

ಸಾವಿರ ಗೆದ್ದವರು 1960ರ ಆಮೇಲೆ ಒಂದೂ ಎ.ಪಿ. ಪಟ್ಟ ಕಾಣದ ಮಿನ್ನೆಸೋಟಕ್ಕಿಂತ ಕೆಳಗೆ! ಫಲಿತಾಂಶ ನೋಡಿ ನಗು ಬಂದರೆ ಸೂತ್ರದಲ್ಲಿ ಏನೋ ಬಿಟ್ಟುಹೋಗಿದೆ ಅಂತ ಅರ್ಥ. ಬಿಟ್ಟುಹೋದದ್ದು ಹೆಜ್ಜೆ 3. ಪ್ರತಿ ನೂರು ಗೆಲುವಿಗೆ 2 ಅಂಕ ಸೇರಿಸಿದೆ. ಮಿಷಿಗನ್‌ಗೆ 20 ಸೇರಿ 59, ಏಳುನೂರರ ಮನೆಯಲ್ಲಿರುವ ಮಿನ್ನೆಸೋಟಕ್ಕೆ 14 ಸೇರಿ 54. ಮೇಲಿನ ನಾಲ್ವರೂ ಒಂಬೈನೂರು ದಾಟಿದವರು, ಎಲ್ಲರಿಗೂ ಒಂದೇ 18. ಅವರ ಸಾಲು ಅಲುಗಲಿಲ್ಲ.

ಇನ್ನೊಂದು ಪರೀಕ್ಷೆ. ಒಂದು ನಿಯಮ ಸಡಿಲಿಸಿ, ಯಾರಿಗೆ ಲಾಭ ಆಗುತ್ತದೆ ನೋಡಿ. ನೋಟರ್ ಡೇಮ್‌ನವರು ಖಂಡಿತ ಕೇಳುತ್ತಾರೆ, "ನಮ್ಮ ಕೋಚ್ ನ್ಯೂಟ್ ರಾಕ್ನಿ ಎಲ್ಲಿ?" 105 ಗೆದ್ದು 12 ಸೋತು 5 ಡ್ರಾ ಮಾಡಿದ ಮನುಷ್ಯ. ಅವರ 1924, 1929, 1930ರ ಪಟ್ಟಗಳು ಎ.ಪಿ.ಗೆ ಮುಂಚಿನವು, ಹಾಗಾಗಿ ಹೊರಗುಳಿದವು. ಸೇರಿಸಿದರೆ ಮೂರು ಪಟ್ಟ, ಎರಡು ದಶಕ, ಒಬ್ಬ ಕೋಚ್. 27 ಅಂಕ ಸೇರಿ ಹೆಜ್ಜೆ 8ರ 72 ಹೋಗಿ 99 ಆಗುತ್ತದೆ, ಅಲಬಾಮದ 96 ದಾಟುತ್ತದೆ. ಸಂಭ್ರಮಿಸುವ ಮುಂಚೆ ತಡೀರಿ. ಅದೇ ಬಾಗಿಲಿನಿಂದ ಅಲಬಾಮ ಕೂಡ 1925, 1926, 1930, 1934 ಹಿಡಿದುಕೊಂಡು ಒಳಗೆ ಬರುತ್ತದೆ, ಇನ್ನಿಬ್ಬರು ಕೋಚ್‌ಗಳ ಸಮೇತ. ಅದಕ್ಕೆ 36 ಸೇರಿ 132. ಏನು ಮಾಡಿದರೂ ಅಲಬಾಮ ಮೊದಲನೆಯದು. ಎರಡನೇ ಜಾಗಕ್ಕೆ ಮಾತ್ರ ನೀವು ಯಾವ ವರ್ಷದಿಂದ ಎಣಿಸುತ್ತೀರಿ ಅನ್ನುವುದೇ ತೀರ್ಪು.

ಹೆಜ್ಜೆ 10: ಎದುರಾಳಿಯ ಕೈಗೆ ಕೊಡಿ

ನಿಮ್ಮ ಪಟ್ಟಿಯ ತಪ್ಪು ನಿಮಗೆ ಕಾಣುವುದಿಲ್ಲ. ಬೇರೆ ತಂಡದವರಿಗೆ ಒಂದೇ ನಿಮಿಷದಲ್ಲಿ ಕಾಣುತ್ತದೆ. ಪಟ್ಟಿಯ ಕೆಳಗೆ ತಾರೀಕು, ಸೂತ್ರ ಎರಡನ್ನೂ ಬರೆದು ಕೊಡಿ. ಪ್ರತಿ ಜನವರಿಯಲ್ಲಿ ಫೈನಲ್ ಮುಗಿದಮೇಲೆ ಒಂದು ಸಾಲು ಬದಲಾಯಿಸಿದರೆ ಸಾಕು.

ನಾನು ನೀಟಾಗಿ ಪ್ರಿಂಟ್ ತೆಗೆದು ಭಾವನಿಗೆ ಕೊಟ್ಟೆ. ಒಹಾಯೊ ಸ್ಟೇಟ್ ಎರಡನೆಯದು ಅಂತ ಕಂಡರೆ ಖುಷಿಪಡುತ್ತಾರೆ ಅಂದುಕೊಂಡಿದ್ದೆ. ಅವರು ಕನ್ನಡಕ ಏರಿಸಿ, ಜೇಬಿನಿಂದ ಕೆಂಪು ಪೆನ್ನು ತೆಗೆದು, 'ಮ' ಇರುವ ಹೆಸರುಗಳಿಗೆಲ್ಲ ಒಂದೊಂದಾಗಿ ಕಾಟು ಹಾಕಿದರು. ಮಿಷಿಗನ್. ಮಿನ್ನೆಸೋಟ. ಮಯಾಮಿ. ಒಕ್ಲಹೋಮ. ನೋಟರ್ ಡೇಮ್. ಕೊನೆಗೆ ಅಲಬಾಮ. ಆಮೇಲೆ ಹಾಳೆಯನ್ನು ನನ್ನ ಕಡೆ ತಳ್ಳಿ ಅಂದರು, "ಈಗ ಓದೋ, ಯಾರು ಫಸ್ಟ್ ಅಂತ."